ಸವೆದ ಸಾಲು

ಗ್ರಂಥಾಲಯದಿಂದ ತಂದ ಹಳೆಯ ಪುಸ್ತಕವನ್ನು ಮೇಜಿನ ಮೇಲೆ ಬೆನ್ನೂರಿಸಿ ನಿಲ್ಲಿಸಿ ಕೈಬಿಟ್ಟರೆ, ಅದು ತನ್ನಷ್ಟಕ್ಕೆ ತಾನೇ ಒಂದು ಪುಟದಲ್ಲಿ ತೆರೆದುಕೊಳ್ಳುತ್ತದೆ. ಮುಂಚೆ ಓದಿದವರು ಎಲ್ಲಿ ಹೆಚ್ಚು ಹೊತ್ತು ನಿಂತಿದ್ದರೋ ಅಲ್ಲಿ. ಅಂತರ್ಜಾಲದ ಪುಟಗಳೂ ಹಾಗೆ ಓದಿದಷ್ಟೂ ಸವೆಯುವಂತಿದ್ದರೆ?

ಈ ಪ್ರಶ್ನೆ ಹುಟ್ಟಿದ್ದು ತಬಸ್ಸುಮ್ ನದಾಫಳ ತಲೆಯಲ್ಲಿ. ಹುಬ್ಬಳ್ಳಿಯಲ್ಲಿ ಹತ್ತಿ ಬಿಡಿಸುವ ಹಳೆಯ ಗಿರಣಿಯೊಂದು ನಿಂತು ಎಷ್ಟೋ ಕಾಲವಾಗಿತ್ತು. ಅದರೊಳಗೆ ಹಲಗೆಯ ಗೋಡೆಗಳನ್ನೆಬ್ಬಿಸಿ, ಹೊಸದಾಗಿ ಕಂಪನಿ ಕಟ್ಟುವ ಹುಡುಗ ಹುಡುಗಿಯರಿಗೆ ಜಾಗ ಮಾಡಿಕೊಟ್ಟಿದ್ದರು. ಊರವರ ಬಾಯಲ್ಲಿ ಅದಿನ್ನೂ ಗಿರಣಿಯೇ. ತಬಸ್ಸುಮ್ ಅಲ್ಲಿ ಕಿಟಕಿಯ ಪಕ್ಕ ಒಂದು ಮೇಜು ಹಿಡಿದು, ತನ್ನ ಹೊಸ ಉಪಕರಣಕ್ಕೆ ‘ಸವಕಳಿ’ ಎಂದು ಹೆಸರಿಟ್ಟಿದ್ದಳು.

"ನಮ್ಮಜ್ಜ ಗಾದಿಗೆ ಹತ್ತಿ ಹಿಂಜತಿದ್ರು ಅಕ್ಕಾರ. ಹಳೇ ಗಾದಿ ಬಿಚ್ಚಿ ನೋಡಿದ್ರ ಸಾಕು, ಈ ಮನಿಯವ್ರು ಯಾವ ಮಗ್ಗಲಾಗಿ ಮಲಗತಾರ ಅಂತ ಹೇಳತಿದ್ರು. ಮಲಗಿದವ್ರ ಹೆಸರು ಹತ್ತಿಗೇನು ಗೊತ್ತಿರತೈತಿ? ಆದ್ರ ಗುರುತು ಉಳೀತೈತಿ. ನಂದೂ ಅಷ್ಟ ನೋಡ್ರಿ."

ಆಕೆ ಹೀಗೆ ಹೇಳುತ್ತಿದ್ದದ್ದು ಕುಮುದಿನಿ ಹಂಪಣ್ಣವರ ಎಂಬವಳಿಗೆ. ಕುಮುದಿನಿ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದಳು. ಬಿಡುವಿನಲ್ಲಿ ‘ಹೊಸ ಅಂಗಡಿ’ ಎಂಬ ಬ್ಲಾಗು ಬರೆಯುತ್ತಿದ್ದಳು. ಗಿರಣಿಯಲ್ಲಿ ಯಾರು ಏನು ಕಟ್ಟುತ್ತಿದ್ದಾರೆ, ಆ ಉಪಕರಣ ನಮ್ಮ ಮನೆ, ಅಂಗಡಿಗಳಲ್ಲಿ ಕೆಲಸಕ್ಕೆ ಬರುತ್ತದೆಯೇ ಇಲ್ಲವೇ, ಇದನ್ನೆಲ್ಲ ತಾನೇ ಬಳಸಿ ನೋಡಿ ಬರೆಯುವುದು ಅವಳ ಪದ್ಧತಿ. ಹೊಗಳಿಕೆಯಾಗಲಿ ತೆಗಳಿಕೆಯಾಗಲಿ, ಬಳಸದೆ ಒಂದು ಸಾಲೂ ಬರೆದವಳಲ್ಲ.

ಸವಕಳಿ ಕೆಲಸ ಮಾಡುವ ಬಗೆಯನ್ನು ತಬಸ್ಸುಮ್ ಒಂದು ಲೋಟ ಚಹಾ ಆರುವಷ್ಟರಲ್ಲಿ ಹೇಳಿ ಮುಗಿಸಿದಳು. ಓದುಗರ ಬೆರಳು ಪರದೆಯ ಮೇಲೆ ಸರಿಯುವಾಗ ಯಾವ ಸಾಲು ಎಷ್ಟು ಹೊತ್ತು ಕಣ್ಣೆದುರು ನಿಂತಿತು, ಬೆರಳು ಎಲ್ಲಿ ಒತ್ತಿತು, ಇಷ್ಟನ್ನೇ ಅದು ಗ್ರಹಿಸುತ್ತದೆ. ಓದಿದವರ ಹೆಸರು, ಊರು, ಫೋನು ಯಾವುದನ್ನೂ ಕೇಳುವುದಿಲ್ಲ, ಇಟ್ಟುಕೊಳ್ಳುವುದಿಲ್ಲ. ಪ್ರತಿ ಓದಿಗೂ ಆ ಜಾಗವನ್ನು ಒಂದು ಕೂದಲೆಳೆಯಷ್ಟು ಉಜ್ಜುತ್ತದೆ. ಬಹಳ ಜನ ಓದಿದ ಸಾಲು ಹೊಸ್ತಿಲ ನಡುಭಾಗದಂತೆ ನುಣ್ಣಗಾಗಿ ತುಸು ತಗ್ಗಿದಂತೆ ಕಾಣುತ್ತದೆ. ಯಾರೂ ಸುಳಿಯದಿದ್ದರೆ, ಕಾಲುದಾರಿಯ ಮೇಲೆ ಹುಲ್ಲು ಬೆಳೆದ ಹಾಗೆ, ಕೆಲವು ವಾರಗಳಲ್ಲಿ ಗುರುತು ಮುಚ್ಚಿಹೋಗುತ್ತದೆ.

ಪರೀಕ್ಷೆಗೆಂದು ಹಾಕಿಸಿಕೊಂಡ ಕೆಲವು ಪುಟಗಳನ್ನೂ ತೋರಿಸಿದಳು. ಅಡುಗೆಯ ಪುಟವೊಂದರಲ್ಲಿ ಮಾವಿನ ಉಪ್ಪಿನಕಾಯಿಗೆ ಉಪ್ಪೆಷ್ಟು ಎಂಬ ಒಂದೇ ಸಾಲು ಗುಳಿ ಬಿದ್ದಿತ್ತು. ಕಲ್ಯಾಣಮಂಟಪದ ಪುಟದಲ್ಲಿ ಗಾಡಿ ನಿಲ್ಲಿಸುವ ಜಾಗದ ವಿವರ ಸವೆದಿತ್ತು. ಒಬ್ಬ ಪುಢಾರಿಯ ಭಾಷಣದ ಪುಟ ಮಾತ್ರ, ಮದುವೆಗೆ ಬಂದ ಉಡುಗೊರೆಯ ಸೀರೆಯನ್ನು ಮಡಿಕೆ ಬಿಚ್ಚದೆ ಇಟ್ಟ ಹಾಗೆ, ಫಳಫಳ ಹೊಳೆಯುತ್ತಿತ್ತು.

"ಆಮ್ಯಾಲ ಅವ್ರ ಕಡೆಯವ್ರು ಒಬ್ರು ಕುಂತು ಹೆಬ್ಬೆರಳಿಂದ ತಿಕ್ಕೇ ತಿಕ್ಕಿದ್ರು," ಎಂದು ತಬಸ್ಸುಮ್ ನಕ್ಕಳು. "ತಿಕ್ಕಿದ್ದು ಬ್ಯಾರೇನ ಕಾಣತೈತ್ರಿ, ಪಾತ್ರಿ ಬೆಳಗಿದಂಗ."

"ನನ್ನ ಬ್ಲಾಗಿಗೂ ಹಾಕು. ಒಂದು ವಾರ ಬಿಟ್ಟು ನೋಡತೀನಿ. ಚಲೋ ಇಲ್ಲಾಂದ್ರ ಹಂಗ ಬರೀತೀನಿ ಮತ್ತ."

"ಬರೀರಿ. ಆದ್ರ ಚಹಾ ಚಲೋ ಇತ್ತು ಅಂತನೂ ಬರೀರಿ."

ವಾರ ಕಳೆದ ಮೇಲೆ, ಭಾನುವಾರ ಬೆಳಿಗ್ಗೆ ಕುಮುದಿನಿ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಳು. ಎದುರಿಗೆ ಅತ್ತೆ ಪದ್ಮವ್ವ ಮೆಂತ್ಯಪಲ್ಯ ಸೋಸುತ್ತಿದ್ದರು. ಕುಮುದಿನಿ ತುಂಬಾ ಕಷ್ಟಪಟ್ಟು ಬರೆದ ಲೇಖನಗಳ ಮೇಲೆ ಸವೆತದ ಸುಳಿವೇ ಇರಲಿಲ್ಲ. ಹಾಗೇ ಹಿಂದೆ ಹಿಂದೆ ಹೋಗುತ್ತಾ, ಹಲವು ವರ್ಷಗಳ ಹಿಂದಿನ ಒಂದು ಬರಹದ ಬಳಿ ಅವಳ ಕೈ ನಿಂತಿತು.

ಅದು ‘ಎಳೆ’ ಎಂಬ ಕಂಪನಿಯ ಬಗ್ಗೆ ಬರೆದದ್ದು. ಪ್ರಭುಲಿಂಗ ಕೋಳೂರ ಎಂಬ ಹುಡುಗ ಅದನ್ನು ಕಟ್ಟಿದ್ದ. ವರ್ಷ ತುಂಬುವ ಮೊದಲೇ ಅದು ಮುಚ್ಚಿಹೋಗಿತ್ತು. ಬರಹದ ಮೇಲೆ ಒಂದು ಲೋಟ ಚಹಾದ ಚಿತ್ರ, ಹುಡುಗ ತೋರಿಸಲು ಬೇರೇನೂ ತಂದಿರಲಿಲ್ಲ, ಅವನ ಮೇಜಿನ ಮೇಲಿದ್ದ ಲೋಟದ ಫೋಟೋವನ್ನೇ ಅವಳು ತೆಗೆದಿದ್ದಳು. ಚಿತ್ರದ ಕೆಳಗೆ ‘ಬಳಸಿ ನೋಡಲು ಇಲ್ಲಿ ಒತ್ತಿ’ ಎಂಬ ಕೊಂಡಿ. ಆ ಸಾಲು ಒರಳುಕಲ್ಲಿನ ಒಳಮೈಯಂತೆ ಸವೆದುಹೋಗಿತ್ತು. ಪುಟದ ಉಳಿದ ಭಾಗವನ್ನು ಯಾರೂ ಮುಟ್ಟಿದಂತಿರಲಿಲ್ಲ.

"ಅತ್ಯಾರ, ಮುಚ್ಚಿದ ಅಂಗಡಿ ಬಾಗಲಾ ಯಾರೋ ದಿನಾ ಬಂದು ಬಡಿಯಾಕತ್ತಾರ್ರಿ."

"ಪಾಪ, ಮುಚ್ಚೈತಿ ಅಂತ ಹೇಳಿ ಕಳಸಬಾರದೇನು?" ಎಂದರು ಪದ್ಮವ್ವ, ಸೊಪ್ಪಿನಿಂದ ಕಣ್ಣೆತ್ತದೆ.

ಕುಮುದಿನಿ ಕೊಂಡಿಯನ್ನು ಒತ್ತಿದಳು. ಬಾಗಿಲು ಮುಚ್ಚಿರಲಿಲ್ಲ. ಸಾದಾ ಬಿಳಿ ಪುಟವೊಂದು ತೆರೆದು ‘ಚಿತ್ತಾರದ ಫೋಟೋ ಹಾಕಿ’ ಎಂದಿತು.

ಅವಳಿಗೆ ಎಲ್ಲ ನೆನಪಾಯಿತು. ಕಸೂತಿಯಲ್ಲಿ ದಾರಕ್ಕೆ ಗಂಟು ಹಾಕುವಂತಿಲ್ಲ. ಸೂಜಿ ಒಂದು ಕಡೆಯಿಂದ ಹೊರಟು, ಹೊಲಿಗೆ ಬಿಟ್ಟು ಹೊಲಿಗೆ ಹಾಕುತ್ತಾ ಚಿತ್ತಾರವನ್ನೆಲ್ಲ ಸುತ್ತಿ, ಬಿಟ್ಟ ಜಾಗಗಳನ್ನು ತುಂಬುತ್ತಾ, ಹೊರಟಲ್ಲಿಗೇ ವಾಪಸು ಬರಬೇಕು. ಬಟ್ಟೆಯ ಹಿಂದೂ ಮುಂದೂ ಒಂದೇ ರೀತಿ ಕಾಣಬೇಕು. ಆನೆ, ನವಿಲು, ಪಲ್ಲಕ್ಕಿಗಳ ದಾರಿ ತಾಯಿಯಿಂದ ಮಗಳ ಕೈಗೆ ಬಂದಿರುತ್ತದೆ. ಹೊಸ ಚಿತ್ತಾರವಾದರೆ ಎಲ್ಲಿ ಹೊಕ್ಕು ಎಲ್ಲಿ ಹೊರಬರುವುದು? ಎಷ್ಟೋ ಕವಲುಗಳ ನಡುವೆ ಆ ಒಂದು ದಾರಿಯನ್ನು ಹುಡುಕಿಕೊಡುವುದೇ ‘ಎಳೆ’ಯ ಕೆಲಸವಾಗಿತ್ತು. ಕುಮುದಿನಿ ಗೋಡೆಗೆ ತೂಗುಹಾಕಿದ್ದ ಚೀಲದ ಮೇಲಿನ ತುಳಸಿಕಟ್ಟೆಯ ಫೋಟೋ ತೆಗೆದು ಹಾಕಿದಳು. ತುಸು ಹೊತ್ತಿನಲ್ಲಿ ಪರದೆಯ ಮೇಲೆ ಕೆಂಪು ಚುಕ್ಕೆಯೊಂದು ಸೂಜಿಯಂತೆ ಹೊರಟು, ಎಲ್ಲ ಮೂಲೆ ಸುತ್ತಿ, ತನ್ನ ಜಾಗಕ್ಕೆ ಬಂದು ನಿಂತಿತು.

ಪದ್ಮವ್ವ ಈಗ ಕಣ್ಣೆತ್ತಿದ್ದರು. "ಅಯ್ ಶಿವನ! ಇದಕ್ಕ ಯಾರು ಕಲಿಸಿದ್ರು?"

ಮರುದಿನ ಸಂಜೆ ಕಾಲೇಜಿನಿಂದ ಅವಳು ನೇರ ಗಿರಣಿಗೆ ಹೋದಳು. ತಬಸ್ಸುಮ್ ಆ ಪುಟದ ವಿಳಾಸವನ್ನು ಹಿಡಿದುಕೊಂಡು ಅದು ಯಾವ ಯಂತ್ರದಿಂದ ಬರುತ್ತಿದೆ ಎಂದು ಹುಡುಕುತ್ತಾ ಹೋಗಿ, ಕೊನೆಗೆ ಕುರ್ಚಿಯನ್ನು ಹಿಂದೆ ತಳ್ಳಿ ಎದ್ದಳು.

"ಅಕ್ಕಾರ, ಇದು ಎಲ್ಲೂ ಹೊರಗಿಲ್ಲ. ಇಲ್ಲೇ, ನಮ್ಮ ಗಿರಣ್ಯಾಗ ಐತಿ!"

ಇಬ್ಬರೂ ತಂತಿಯ ಜಾಡು ಹಿಡಿದು ಹೋದರು. ಅದು ಮೆಟ್ಟಿಲ ಕೆಳಗೆ ನಿಂತಿತು. ಅಲ್ಲೊಂದು ಹಳೆಯ ಕಂಪ್ಯೂಟರ್ ಡಬ್ಬಿ ಗುಂಯ್ ಎನ್ನುತ್ತಾ ಕೂತಿತ್ತು. ಮೇಲೆ ರಟ್ಟಿನ ತುಂಡಿನಲ್ಲಿ ‘ಆಫ್ ಮಾಡಬ್ಯಾಡ್ರಿ’ ಎಂದು ಬರೆದಿತ್ತು. ಮಳೆಗಾಲದಲ್ಲಿ ನೀರು ಸೋರುವ ಜಾಗವದು. ಯಾರೋ ಡಬ್ಬಿಯ ಕೆಳಗೆ ಇಟ್ಟಿಗೆ ಕೊಟ್ಟಿದ್ದರು. ಕರೆಂಟು ಹೋದಾಗ ನಿಲ್ಲದಿರಲೆಂದು ಇನ್ನಾರೋ ತಮ್ಮ ಯುಪಿಎಸ್‌ನಿಂದ ಒಂದು ವಯರು ಎಳೆದಿದ್ದರು. ಚಹಾ ಮಾಡುವ ಹೆಂಗಸು ಧೂಳು ಕೂರದಂತೆ ತನ್ನ ಹಳೆಯ ಸೀರೆಯ ತುಂಡನ್ನು ಗಾಳಿಯಾಡುವಷ್ಟು ಬಿಟ್ಟು ಹೊದಿಸಿದ್ದಳು.

ಯಾರದಿದು ಎಂದು ಒಂದೊಂದೇ ಮೇಜಿಗೆ ಹೋಗಿ ಕೇಳಿದರೆ ಎಲ್ಲರದೂ ಒಂದೇ ಉತ್ತರ: ನಮ್ಮದಲ್ಲ. ಸೌರದೀಪದವರು ಅದು ಔಷಧಿ ಅಂಗಡಿಯ ಆಪ್ ಮಾಡುವವರದೆಂದು ತಿಳಿದಿದ್ದರು, ಅವರು ಅದು ಸೌರದೀಪದವರದೆಂದು. ತಮ್ಮದಲ್ಲದ ವಸ್ತುವನ್ನು ಇಷ್ಟು ಜನ ಇಷ್ಟು ವರ್ಷ ಮೌನವಾಗಿ ಕಾಪಾಡಿದ್ದರು.

ಗಿರಣಿಯ ಮೇಲ್ವಿಚಾರಕ ಕಟ್ಟಿಯವರು ಕನ್ನಡಕವನ್ನು ಹಣೆಗೇರಿಸಿ ಬಂದರು. "ಛಲೋ ಆತು ನೀವು ಕೇಳಿದ್ದು. ಶನಿವಾರ ನಾವೆಲ್ಲಾ ಹೊಸ ಕಟ್ಟಡಕ್ಕ ಹೋಗೋದದ. ವಾರಸುದಾರರಿಲ್ಲದ ಸಾಮಾನು ಗುಜರಿಗೆ ಅಂತ ನೋಟಿಸು ಹಚ್ಚೀನಿ. ಇದರ ಯಜಮಾನ್ರು ಬಂದು ಒಯ್ಯಲಿ, ಇಲ್ಲಾಂದ್ರ ನಾ ಏನು ಮಾಡ್ಲಿ ಹೇಳ್ರಿ?"

ಕುಮುದಿನಿ ಅಲ್ಲಿಂದಲೇ ಪ್ರಭುಲಿಂಗನಿಗೆ ಫೋನು ಮಾಡಿದಳು. ಅವನೀಗ ರಾಣೇಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದ.

"ಇನ್ನೂ ಓಡಾಕತ್ತೈತಾ?" ಎಂದ ಅವನು. "ಮೇಡಂ, ಅದು ಬರೇ ಡೆಮೊ ಇತ್ರಿ, ತೋರಸಾಕ ಅಂತ. ಗಡಿಬಿಡಿಯೊಳಗ ಬಿಟ್ಟು ಬಂದೆ. ನಮ್ಮ ಕಂಪನಿಗೆ ಒಬ್ರೂ ಹೆಸರು ನೋಂದಾಯಿಸಲಿಲ್ಲ. ಒಬ್ರೂ ಅಂದ್ರ ಒಬ್ರೂ ಇಲ್ಲ. ಯಾರಿಗೂ ಬ್ಯಾಡಾದ ವಸ್ತು ಮಾಡೀನಿ ಅಂತ ತಿಳಕೊಂಡು ಮುಚ್ಚಿದೆ."

"ಈಗ ದಿನಾ ಬಳಸಾಕತ್ತಾರಪಾ."

"ರೋಬೋಟ್ ಇರಬೇಕ್ರಿ. ಪುಟಾ ಪುಟಾ ತಿರುಗಿ ಲಿಂಕ್ ಒತ್ತಿ ಹೋಗೂ ಪ್ರೋಗ್ರಾಮು ಬೇಕಾದಷ್ಟು ಅದಾವು. ಮತ್ತ ಆಸೆ ಹಚ್ಚಬ್ಯಾಡ್ರಿ. ಮನುಷ್ಯಾರು ಅದಾರ ಅಂತ ತೋರಸ್ರಿ, ಯಾರಿಗೆ ಬೇಕು ಅಂತ ಹೇಳ್ರಿ, ಆಗ ನಾನ ರಜಾ ಹಾಕಿ ಬರತೀನಿ."

ಫೋನಿಟ್ಟಾಗ ತಬಸ್ಸುಮಳ ಮುಖವೂ ಸಪ್ಪಗಾಗಿತ್ತು. ಸವೆಸಿದ್ದು ರೋಬೋಟ್ ಆದರೆ ಅವಳ ಉಪಕರಣಕ್ಕೂ ಬೆಲೆಯಿಲ್ಲ. ಮನುಷ್ಯರ ಹೆಜ್ಜೆ ತೋರಿಸುತ್ತೇನೆ ಎಂದಲ್ಲವೇ ಅವಳು ಹೇಳಿಕೊಂಡು ಬಂದದ್ದು?

"ಹೆಸರು ಇಟ್ಟುಕೊಂಡಿದ್ರ ಈಗ ನೋಡಿ ಹೇಳಬಹುದಿತ್ತು," ಎಂದಳು ಕುಮುದಿನಿ.

"ಇಟ್ಟುಕೊಂಡಿದ್ರ ನಾ ನಿಮ್ಮ ಮುಂದ ಹಿಂಗ ಧೈರ್ಯಾಗಿ ಕುಂದರತಿರಲಿಲ್ರಿ."

ಅದೂ ನಿಜವೆನಿಸಿತು. ಹೆಸರು ಹುಡುಕಲಾಗದಿದ್ದರೇನು, ಕೇಳಬಹುದಲ್ಲ! ಕುಮುದಿನಿ ಆ ಹಳೆಯ ಬರಹವನ್ನು ತೆರೆದು, ಕೊಂಡಿಯ ಮೇಲ್ಗಡೆ ಹೊಸದೊಂದು ಸಾಲು ಸೇರಿಸಿದಳು: ‘ಈ ಕೊಂಡಿಯನ್ನು ಬಳಸುತ್ತಿರುವ ನೀವು ಯಾರು? ದಯವಿಟ್ಟು ಕೆಳಗೆ ನಿಮ್ಮ ಹೆಸರು ಬರೆಯಿರಿ.’

ಮರುದಿನ ಮಧ್ಯಾಹ್ನ ಸಿಬ್ಬಂದಿ ಕೋಣೆಯಲ್ಲಿ ಫೋನು ತೆರೆದವಳು ಬೆರಗಾದಳು. ಅವಳ ಪ್ರಶ್ನೆ ಆಗಲೇ ಸವೆದಿತ್ತು. ಅದರ ಮರುದಿನ ಇನ್ನೂ ಆಳ! ಇಷ್ಟು ಆಸ್ಥೆಯಿಂದ ಅವಳ ಒಂದು ವಾಕ್ಯವನ್ನು ಯಾರೂ ಎಂದೂ ಓದಿರಲಿಲ್ಲ. ಆದರೆ ಕೆಳಗೆ ಒಂದು ಹೆಸರೂ ಇರಲಿಲ್ಲ.

"ನಾಚಿಕಿ ಇರಬೇಕು," ಎಂದು ಅವಳು ತಬಸ್ಸುಮಳಿಗೆ ತೋರಿಸಿದಳು. "ಓದತಾರ, ಬರೆಯಾಕ ಹಿಂಜರೀತಾರ."

ಗಿರಣಿಯ ತುಂಬ ರಟ್ಟಿನ ಪೆಟ್ಟಿಗೆಗಳು ಬಂದಿದ್ದವು. ಒಂದರ ಮೇಲೆ ಕೂತ ತಬಸ್ಸುಮ್ ಪರದೆಯನ್ನು ದೊಡ್ಡದು ಮಾಡಿ ನೋಡಿದಳು. ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಇದು ಓದಿದ್ದಲ್ಲ ಅಕ್ಕಾರ. ಓದಿದ್ರ ಸಾಲಿನ ಉದ್ದಕ್ಕ ಸವೀತೈತಿ. ಇದು ನೋಡ್ರಿ, ನಟ್ಟನಡಕ ಗುಂಡಗ ಐತಿ. ಇದು ಒತ್ತಿದ್ದು. ಒತ್ತೇ ಒತ್ತಾರ."

"ಪ್ರಶ್ನೀನ ಯಾಕ ಒತ್ತತಾರ? ಅದು ಲಿಂಕ್ ಅಲ್ಲ ಬಿಡು."

ಹಾಗೆಂದವಳ ಬಾಯಿ ಹಾಗೇ ತೆರೆದು ನಿಂತಿತು. ಅವಳು ಮೇಲೊಂದು ಸಾಲು ಸೇರಿಸಿದಾಗ ಕೊಂಡಿ ಒಂದು ಸಾಲು ಕೆಳಗೆ ಸರಿದಿತ್ತು. ಬರುವವರು ಏನನ್ನೂ ಓದುತ್ತಿರಲಿಲ್ಲ. ಚಹಾ ಲೋಟದ ಕೆಳಗೆ ಯಾವ ಜಾಗದಲ್ಲಿ ಒತ್ತಬೇಕೆಂದು ಅವರ ಹೆಬ್ಬೆರಳಿಗೆ ಗೊತ್ತಿತ್ತು, ಅಲ್ಲೇ ಒತ್ತುತ್ತಿದ್ದರು. ಎರಡು ದಿನದಿಂದ ಅವಳ ಕುತೂಹಲ ಅವರ ಬಾಗಿಲಿಗೆ ಅಡ್ಡ ನಿಂತಿತ್ತು.

"ಅಯ್ಯಯ್ಯ! ಯಾರದೋ ಕೆಲಸ ನಿಲ್ಲಿಸೀನಲ್ಲ!"

ತಬಸ್ಸುಮ್ ಮಾತ್ರ ಪೆಟ್ಟಿಗೆಯಿಂದ ಜಿಗಿದೆದ್ದು ಅವಳ ಎರಡೂ ಕೈ ಹಿಡಿದುಕೊಂಡಳು. "ಅಕ್ಕಾರ, ತಿಳೀಲಿಲ್ಲೇನ್ರಿ? ರೋಬೋಟ್ ಆಗಿದ್ರ ಲಿಂಕ್ ಎಲ್ಲಿ ಸರಿದ್ರೂ ಅದನ್ನ ಹುಡುಕಿ ಒತ್ತತಿತ್ತು. ಅದು ತಪ್ಪಂಗಿಲ್ಲ. ತಪ್ಪಿದ್ದು ಹೆಬ್ಬೆರಳು! ಮನುಷ್ಯಾರು ಅದಾರ್ರಿ!"

ಇಬ್ಬರೂ ಗಟ್ಟಿಯಾಗಿ ನಕ್ಕಿದ್ದು ಕೇಳಿ ಕಟ್ಟಿಯವರು ತಮ್ಮ ಕೋಣೆಯಿಂದ ಇಣುಕಿದರು. ಕುಮುದಿನಿ ಕೂಡಲೇ ತನ್ನ ಪ್ರಶ್ನೆಯನ್ನು ಅಳಿಸಿದಳು. ಸಂಜೆಯೊಳಗೆ ಹಳೆಯ ಸಾಲು ಮತ್ತೆ ಸವೆಯತೊಡಗಿತ್ತು.

ಆದರೆ ಅವರು ಯಾರು? ಶನಿವಾರ ಹತ್ತಿರವಾಗುತ್ತಿತ್ತು. ಅಕ್ಷರ ಬರೆದರೆ ಅವರು ನೋಡುವುದಿಲ್ಲ. ಬಳಸಿದ ಬಾಗಿಲಿನ ಮೇಲೆ ಏನು ಬರೆದಿದೆ ಎಂದು ಯಾರು ತಾನೇ ನೋಡುತ್ತಾರೆ? ಕಸೂತಿ ಮಾಡುವವರ ಕಣ್ಣು ಯಾವುದರ ಮೇಲೆ ತಾನಾಗಿ ನಿಲ್ಲುತ್ತದೆ ಎಂದು ಯೋಚಿಸುತ್ತಾ ಮನೆಗೆ ಬಂದವಳು, ಚಪ್ಪಲಿ ಬಿಡುವಾಗಲೇ ಕೇಳಿದಳು: "ಅತ್ಯಾರ, ನಿಮ್ಮ ಸೂಜಿ ದಾರದ ಡಬ್ಬಿ ಎಲ್ಲಿಟ್ಟೀರಿ?"

ಕೊಂಡಿಯ ಸಾಲಿದ್ದ ಜಾಗದಲ್ಲೇ, ಅಷ್ಟೇ ಅಗಲದ ಒಂದು ಕಸೂತಿಯ ಚಿತ್ರ ಇಡುವುದು ಅವಳ ಉಪಾಯ. ಆ ಚಿತ್ರವೇ ಕೊಂಡಿಯಾಗಬೇಕು, ಒತ್ತಿದರೆ ಬಾಗಿಲು ತೆರೆಯಲೇಬೇಕು, ಮತ್ತೆ ಯಾರ ಕೆಲಸವೂ ನಿಲ್ಲಬಾರದು. ಆದರೆ ಕಸೂತಿಯಲ್ಲಿರುವುದು ಆನೆಯೂ ಅಲ್ಲ, ನವಿಲೂ ಅಲ್ಲ, ಅವಳ ಫೋನ್ ನಂಬರು.

ಬಟ್ಟೆಯ ಚೌಕಳಿ ಎಣಿಸುತ್ತಾ ಅವಳು ಅಂಕಿಗಳನ್ನು ಹೊಲಿಯತೊಡಗಿದಳು. ಶಾಲೆಯಲ್ಲಿ ಕಲಿತದ್ದು, ಕೈ ಮರೆತಿತ್ತು. ಏಳು, ನಾಲ್ಕು, ಒಂದು ಸಲೀಸಾಗಿ ಬಂದವು. ಆರರಲ್ಲಿ ಹೊಕ್ಕ ದಾರ ಹೊರಬರಲು ದಾರಿ ಕಾಣದೆ ಹೊಟ್ಟೆಯೊಳಗೇ ಉಳಿಯಿತು. ಅತ್ತ ಇತ್ತ ನೋಡಿ, ಅವಳು ಹಿಂಬದಿಯಲ್ಲಿ ಒಂದು ಸಣ್ಣ ಗಂಟು ಹಾಕಿ ದಾರ ಕತ್ತರಿಸಿದಳು.

"ಏನು ಮಾಡಿದಿ ಅದು?" ಪದ್ಮವ್ವನ ಕಣ್ಣಿಗೆ ತಪ್ಪಲಿಲ್ಲ. "ಗಂಟು ಹಾಕಿದ್ಯಾ? ಕಸೂತಿಗೆ?"

"ಹಿಂದ ಐತಿ, ಯಾರಿಗೆ ಕಾಣತೈತ್ರಿ? ಫೋಟೋ ಮುಂದಿಂದು ತಗೀತೀನಿ."

"ಮಕ್ಕಳಿಗೆ ಬೆಳಕಿನ ಕಿರಣ ಯಾವ ಹಾದ್ಯಾಗ ಹೋಗತೈತಿ ಅಂತ ಕಲಸತಿ, ಒಂದು ದಾರಕ್ಕ ಹಾದಿ ಸಿಗಲಿಲ್ಲ ನಿನಗ. ಬಿಚ್ಚು, ಬಿಚ್ಚಿ ಹೊಲಿ."

"ಹೊತ್ತಿಲ್ರಿ ಅತ್ಯಾರ. ಶನಿವಾರ ಬಂತು."

ಪದ್ಮವ್ವ ಗೊಣಗುತ್ತಲೇ ಬಟ್ಟೆಯನ್ನು ಎಳೆದುಕೊಂಡು ಉಳಿದ ಅಂಕಿಗಳನ್ನು ತಾವೇ ಹೊಲಿದುಕೊಟ್ಟರು. ಅವು ಎಷ್ಟು ಚೊಕ್ಕಟವಾಗಿದ್ದವೆಂದರೆ ಕುಮುದಿನಿಯ ಅಂಕಿಗಳು ಪಕ್ಕದಲ್ಲಿ ಕುಂಟುವಂತೆ ಕಂಡವು. ಊಟಕ್ಕೆ ಮೊದಲೇ ಚಿತ್ರ ಪುಟದ ಮೇಲಿತ್ತು.

ಮರುದಿನ ಕೊನೆಯ ತರಗತಿ ಮುಗಿಸಿ ಹೊರಬರುವಾಗ ಫೋನು ಬಡಿದುಕೊಂಡಿತು.

"ಹಲೋ, ಚಾದ ಪುಟದಾಗ ನಂಬರ ಹೊಲದು ಹಾಕಿದಾಕಿ ನೀನ ಏನವಾ?" ದೊಡ್ಡ ದನಿಯ ಹೆಂಗಸು.

"ಹೌದ್ರಿ, ನಾನ! ನೀವ್ಯಾರ್ರಿ?"

"ಅದಿರಲಿ ತಗಿ. ಆರರ ಹೊಟ್ಯಾಗ ಗಂಟು ಹಾಕೀದಿ ನೋಡು, ಫೋಟೋದಾಗ ಉಬ್ಬಿ ಕಾಣಾಕತ್ತೈತಿ. ನಾವು ಮಂದಿ ಎಲ್ಲಾ ಕೂಡಿ ನೋಡಿದ್ವಿ. ಕಡೀ ಅಂಕಿ ಎಷ್ಟು ಚಂದ ಹೊಲದಿ, ಆರಕ್ಕ ಏನು ಬ್ಯಾನಿ ಬಂದಿತ್ತು ನಿನಗ?"

ಕುಮುದಿನಿ ಕಾರಿಡಾರಿನ ಕಟ್ಟೆಯ ಮೇಲೆ ಕೂತುಬಿಟ್ಟಳು. ನಗು ತಡೆಯಲಾಗಲಿಲ್ಲ. "ಕಡೀ ಅಂಕಿ ನಮ್ಮ ಅತ್ತಿಯವ್ರು ಹೊಲದಿದ್ರಿ. ಆರು ನಂದು."

"ಹಂಗನ್ನು ಮತ್ತ!"

ಅವಳ ಹೆಸರು ಫಕೀರವ್ವ ಸುಣಗಾರ. ಕಲಘಟಗಿಯಲ್ಲಿ ಒಂದು ಸಣ್ಣ ಪಡಸಾಲೆಯಲ್ಲಿ ಕೂತು ಕಸೂತಿ ಮಾಡುವ ಹೆಂಗಸರ ಗುಂಪಿಗೆ ಅವಳೇ ಹಿರಿಯಳು. ಕುಮುದಿನಿ ಒಂದು ಪ್ರಶ್ನೆ ಕೇಳಿದರೆ ಅವಳು ನಾಲ್ಕಕ್ಕೆ ಉತ್ತರ ಕೊಟ್ಟಳು.

"ಮದಲ ಆನಿ ಕೇಳತಿದ್ರು, ನವಲು ಕೇಳತಿದ್ರು. ಈಗ ಸಿಟಿ ಅಂಗಡಿಯವ್ರು ಸೈಕಲ್ ಹಾಕ್ರಿ ಅಂತಾರ, ರಿಕ್ಷಾ ಹಾಕ್ರಿ ಅಂತಾರ. ಸೈಕಲ್ಲಿಗೆ ನಮ್ಮವ್ವ ಹಾದಿ ಹೇಳಿಕೊಟ್ಟಿಲ್ಲಲ್ಲ! ಆ ಚಾದ ಪುಟ ಇರಲಿಕ್ಕರ ನಾವು ಯಾವತ್ತೋ ಕೈ ಬಿಡತಿದ್ವಿ. ಹಿಂದಕ ಒಬ್ಬ ಹುಡುಗ ಬಂದಿದ್ದ. ಮಜ್ಜಿಗಿ ಕೊಟ್ರ ಎರಡು ಸಲ ಹಾಕಿಸಿಕೊಂಡು ಕುಡದ. ನಿನ್ನ ಪುಟ ತಗದು, ಇಲ್ಲಿ ಒತ್ರಿ ಅಂತ ತೋರಿಸಿ ಹೋದ. ಅವತ್ತಿಂದ ಅಲ್ಲೇ ಒತ್ತತೀವಿ. ಬಂದಾಕಿಗೆಲ್ಲಾ ಅದನ್ನ ಕಳಸತೀವಿ."

"ಆ ಹುಡುಗನ ಕಂಪನಿಗೆ ಹೆಸರು ಬರಸಲಿಲ್ಲಲ್ಲ ನೀವು?"

"ಹೆಸರ್ಯಾಕ ಬರಸೂದವಾ? ಒತ್ತಿದ್ರ ಕೆಲಸ ಆಗತೈತಲ್ಲ!"

ಕುಮುದಿನಿಗೆ ಈಗ ಪೂರ್ತಿ ತಿಳಿಯಿತು. ಪ್ರಭುಲಿಂಗ ಹೆಸರು ಬರೆಸಿದವರನ್ನಷ್ಟೇ ಎಣಿಸುತ್ತಾ ಬಾಗಿಲಲ್ಲಿ ಕಾದಿದ್ದ. ತೋರಿಸಲೆಂದು ಮಾಡಿದ್ದೇ ಸಾಕಾಗಿ, ಇವರು ಅದರಲ್ಲೇ ಬಾಳುವೆ ನಡೆಸಿದ್ದರು.

"ಮೊನ್ನೆ ಎರಡು ದಿನ ಪುಟ ಕೆಟ್ಟಿತ್ತು ನೋಡು," ಎಂದಳು ಫಕೀರವ್ವ. "ಒತ್ತಿ ಒತ್ತಿ ಹೆಬ್ಬಟ್ಟು ನೊಂದು ಹೋತು."

"ಕೆಟ್ಟಿರಲಿಲ್ರಿ, ನಾನ ನಿಮಗೊಂದು ಪ್ರಶ್ನಿ ಬರದಿದ್ದೆ. ಓದಲಿಲ್ಲೇನ್ರಿ?"

"ದಿನಾ ಹತ್ತೂ ಬಸ್ಸಿನ ಬೋರ್ಡು ಯಾರು ಓದತಾರವಾ?"

ಆ ಯಂತ್ರ ಶನಿವಾರ ಗುಜರಿಗೆ ಹೋಗುತ್ತದೆ ಎಂದಾಗ ಮಾತ್ರ ಅತ್ತಲಿನ ದೊಡ್ಡ ದನಿ ಸಣ್ಣದಾಯಿತು. "ಹಂಗಂದ್ರ ಹೆಂಗ ತಂಗೀ? ಅರ್ಧಾ ಹೊಲದ ಸೈಕಲ್ ಕೈಯಾಗ ಐತಿ. ನಾ ಹುಡುಗೇರಿಗೆ ಏನು ಹೇಳ್ಲಿ?"

"ಏನೂ ಹೇಳಬ್ಯಾಡ್ರಿ. ಮಜ್ಜಿಗಿ ಮಾಡಿ ಇಟ್ಟಿರ್ರಿ."

ಕುಮುದಿನಿಯಿಂದ ಸುದ್ದಿ ಕೇಳಿ, ಯಂತ್ರವನ್ನು ಕಲಘಟಗಿಗೆ ಒಯ್ಯಲೆಂದು ಶನಿವಾರ ಪ್ರಭುಲಿಂಗ ಬಂದಾಗ ಗಿರಣಿಯ ಅಂಗಳದಲ್ಲಿ ಗುಜರಿಯವನ ಟಂಟಂ ಗಾಡಿ ನಿಂತಿತ್ತು. ಕಟ್ಟಿಯವರು ಅದರವನಿಗೆ ಚಹಾದ ಮೇಲೆ ಚಹಾ ಕುಡಿಸಿ, ಮುರುಕು ಕುರ್ಚಿಗಳನ್ನೇ ಮೊದಲು ತುಂಬೆಂದು ಹೇಳಿ, ಮೆಟ್ಟಿಲ ಕಡೆ ಹೋಗದಂತೆ ತಡೆದು ಕೂರಿಸಿದ್ದರು. ಪ್ರಭುಲಿಂಗ ಮೆಟ್ಟಿಲ ಕೆಳಗೆ ಬಗ್ಗಿದ. ಮೊದಲು ರಟ್ಟಿನ ಮೇಲಿನ ತನ್ನದೇ ಅಕ್ಷರ ನೋಡಿದ, ಆಮೇಲೆ ಇಟ್ಟಿಗೆ, ವಯರು, ಸೀರೆಯ ತುಂಡು.

"ಇದನ್ನೆಲ್ಲಾ ಯಾರು ಮಾಡಿದ್ರು?"

ಸೌರದೀಪದವರು ಔಷಧಿಯವರ ಕಡೆ ನೋಡಿದರು, ಔಷಧಿಯವರು ಚಹಾದ ಹೆಂಗಸಿನ ಕಡೆ. ಯಾರೂ ನಾನೆನ್ನಲಿಲ್ಲ. ಪ್ರಭುಲಿಂಗ ಡಬ್ಬಿಯನ್ನು ಎತ್ತಿಕೊಳ್ಳಲು ಹೋದಾಗ ಇಬ್ಬರು ಬಂದು ಎರಡು ಮೂಲೆ ಹಿಡಿದರು. ಹಳೆಯ ಯುಪಿಎಸ್ಸನ್ನೂ ಒಯ್ಯಿರೆಂದು ಕಟ್ಟಿಯವರೇ ಕೊಟ್ಟುಬಿಟ್ಟರು. "ಅಲ್ಲೂ ಕರೆಂಟು ಹೋಗ್ತದ," ಎಂದಷ್ಟೇ ಹೇಳಿ ಒಳಗೆ ಹೋದರು. ಚಹಾದ ಹೆಂಗಸು ತನ್ನ ಸೀರೆತುಂಡನ್ನು ಝಾಡಿಸಿ ಮಡಚಿ ಡಬ್ಬಿಯ ಮೇಲಿಟ್ಟಳು.

ಕಲಘಟಗಿಯ ಪಡಸಾಲೆಯಲ್ಲಿ ತಬಸ್ಸುಮ್ ವಯರು ಜೋಡಿಸಿದಳು. ಗುಂಯ್ ಎಂಬ ಸದ್ದು ಎದ್ದಾಗ ಹೆಂಗಸರೆಲ್ಲ ಸುತ್ತ ನೆರೆದು, ಇಷ್ಟು ವರ್ಷ ದೂರದಿಂದ ದಾರಿ ಹೇಳುತ್ತಿದ್ದವನು ಇವನೇ ಏನು ಎಂಬಂತೆ ನೋಡಿದರು. ಫಕೀರವ್ವ ಹೊಲಿದು ಮುಗಿಸಿದ ರಿಕ್ಷಾ ಒಂದನ್ನು ತಂದು ಪ್ರಭುಲಿಂಗನ ಕೈಗಿತ್ತಳು. ಅವನು ಮುಂಬದಿ ನೋಡಿದ, ತಿರುಗಿಸಿ ಹಿಂಬದಿ ನೋಡಿದ, ಮತ್ತೆ ಮುಂಬದಿ ನೋಡಿದ. ಯಾವುದು ಯಾವುದೆಂದು ಹೇಳಲಾಗುತ್ತಿರಲಿಲ್ಲ. ಅವನು ಅದನ್ನು ಬಹಳ ಹೊತ್ತು ಕೆಳಗಿಡಲಿಲ್ಲ.

"ಮಜ್ಜಿಗಿ ಕುಡಿಯಪಾ," ಎಂದಳು ಫಕೀರವ್ವ. "ಎರಡು ಸಲ ಹಾಕತೀನಿ."

ಸವಕಳಿಯ ಬಗ್ಗೆ ಕುಮುದಿನಿ ಉದ್ದಕ್ಕೆ ಬರೆದಳು. ಚಹಾ ಚೆನ್ನಾಗಿತ್ತೆಂದೂ ಬರೆದಳು. ಕೆಲವು ವಾರ ಕಳೆದ ಮೇಲೆ ಒಂದು ಸಂಜೆ ಅವಳಿಗೆ ಹಳೆಯ ಪುಟದ ನೆನಪಾಯಿತು. ಯಂತ್ರ ಅವರ ಪಡಸಾಲೆಯಲ್ಲೇ ಇರುವಾಗ, ಫೋನಿನಲ್ಲಿ ನೇರ ಅದರ ಪುಟವೇ ಇರುವಾಗ, ಇನ್ನು ಈ ಬಾಗಿಲಿಗೆ ಯಾರು ಬರುತ್ತಾರೆ? ಸವೆದದ್ದು ಇಷ್ಟರಲ್ಲಿ ಮುಚ್ಚಿಕೊಂಡಿರುತ್ತದೆ. ಸಂತೋಷದ ಸಂಗತಿಯೇ. ಆದರೂ ಪುಟ ತೆರೆಯುವಾಗ, ಪರವೂರಿಗೆ ಹೋದ ನೆರೆಯವರ ಅಂಗಳ ನೋಡುವ ಹಾಗೆ ಮನಸ್ಸು ತುಸು ಹಿಂಜರಿಯಿತು.

ಚಿತ್ರದ ಅಂಚುಗಳು ನಿಜಕ್ಕೂ ಹೊಸದರಂತಾಗಿದ್ದವು. ಅತ್ತೆ ಹೊಲಿದ ಚೊಕ್ಕಟ ಅಂಕಿಗಳ ಮೇಲೂ ಸವೆತವಿರಲಿಲ್ಲ. ಆದರೆ ಆರರ ಹೊಟ್ಟೆಯಲ್ಲಿ, ಗಂಟು ಉಬ್ಬಿದ್ದ ಜಾಗದಲ್ಲಿ, ಹೆಬ್ಬೆರಳಷ್ಟು ಅಗಲದ ನುಣ್ಣನೆಯ ಗುಳಿ ಬಿದ್ದಿತ್ತು. ಇಡೀ ಬ್ಲಾಗಿನಲ್ಲಿ ಅಷ್ಟು ಆಳವಾಗಿ ಸವೆದದ್ದು ಇನ್ನೊಂದಿರಲಿಲ್ಲ.

ಅವಳು ಫಕೀರವ್ವನಿಗೆ ಫೋನು ಹಚ್ಚಿದಳು. "ಅಕ್ಕಾರ, ಇನ್ನೂ ನನ್ನ ಪುಟಕ್ಕ ಬರಾಕತ್ತೀರೇನ್ರಿ?"

"ಬರೂದು ಬಿಡತೀವೇನು? ಹೊ‌ಸಾ ಹುಡುಗೇರು ಸೇರ್ಯಾರ. ಮದಲನೇ ದಿನ ಎಲ್ಲಾರಿಗೂ ನಿನ್ನ ಆರು ತೋರಸತೀವಿ. ಗಂಟು ಹಾಕಿದ್ರ ಎಷ್ಟು ದೂರದಿಂದ ಕಾಣತೈತಿ ನೋಡ್ರಿ ಅಂತ, ಒಬ್ಬೊಬ್ಬಾಕಿ ಕಡೆ ಬೆರಳ ಇಡಿಸಿ ತೋರಸತೀವಿ. ಬ್ಯಾಸರಾತೇನು ಮತ್ತ?"

"ಇಲ್ರಿ. ಇರಲಿ ಬಿಡ್ರಿ."

ಕುಮುದಿನಿ ಅಡುಗೆಮನೆಗೆ ಹೋಗಿ ಅತ್ತೆಗೆ ಹೇಳಿದಳು. ಪದ್ಮವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ ಡಬ್ಬಿಯಿಂದ ಆ ಬಟ್ಟೆಯನ್ನೂ ಸಣ್ಣ ಕತ್ತರಿಯನ್ನೂ ತೆಗೆದರು.

"ತಾ ಇಲ್ಲಿ, ಮರ್ಯಾದಿ ಹೋತು. ಬಿಚ್ಚಿ ನಾನ ಸರೀಗೆ ಹೊಲದು ಕೊಡತೀನಿ, ಬ್ಯಾರೆ ಫೋಟೋ ಹಾಕು."

ಕುಮುದಿನಿ ಅವರ ಕೈಯಿಂದ ಕತ್ತರಿಯನ್ನು ಮೆಲ್ಲಗೆ ತೆಗೆದುಕೊಂಡಳು.

"ಬಿಚ್ಚಬ್ಯಾಡ್ರಿ ಅತ್ಯಾರ. ಅದನ್ನ ಓದವ್ರು ಅದಾರ."